ಮಾರ್ಚ್ 23: ಕನ್ನಡ ನಾಡಿನ ಕ್ರೀಡಾ ದಿನಚರಿಯ ನಾಲ್ಕು ಪುಟಗಳು

ಯಾದಗಿರಿ: ಮಾರ್ಚ್ 23 ಎಂದೊಡನೆ ನೆನಪಾಗುವುದು 1931ರಲ್ಲಿ ಲಾಹೋರಿನ ಸೆರೆಮನೆಯಲ್ಲಿ ನೇಣಿಗೇರಿದ ಭಗತ್ ಸಿಂಗ್, ಸುಖದೇವ್ ಮತ್ತು ರಾಜಗುರು ಅವರ ಬಲಿದಾನ. ಕ್ರೀಡಾಸಕ್ತ ಕನ್ನಡಿಗರಿಗೆ ಇದೇ ದಿನಾಂಕ ಇನ್ನೊಂದು ಕಾರಣಕ್ಕೂ ಸ್ಮರಣೀಯ. ನಾಲ್ಕು ದಶಕಗಳ ಅವಧಿಯಲ್ಲಿ ನಾಡಿನ ಆಟಗಾರರು ಮತ್ತು ನಾಡಿನ ಅಂಗಳ ಕಂಡ ಏಳುಬೀಳುಗಳು ಈ ಒಂದು ದಿನದಲ್ಲಿ ಸೇರಿಕೊಂಡಿವೆ. ಅವುಗಳ ಸಂಕ್ಷಿಪ್ತ ಪರಿಚಯ ಇಲ್ಲಿದೆ.

1980, ಲಂಡನ್: ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪುರುಷರ ಸಿಂಗಲ್ಸ್ ಫೈನಲ್. ಬೆಂಗಳೂರಿನ ಪ್ರಕಾಶ್ ಪಡುಕೋಣೆ ಅವರ ಎದುರಾಳಿ ಹಿಂದಿನ ಎರಡು ವರ್ಷಗಳ ಚಾಂಪಿಯನ್, ಇಂಡೊನೇಷ್ಯಾದ ಲೀಮ್ ಸ್ವೀ ಕಿಂಗ್. ಕಿಂಗ್ ಅವರದು ಸಿಡಿಲಿನಂಥ ಸ್ಮ್ಯಾಷ್; ಪ್ರಕಾಶರದು ಮಣಿಕಟ್ಟಿನ ಕೈಚಳಕ ಮತ್ತು ತಾಳ್ಮೆ. 15-3, 15-10ರ ನೇರ ಗೇಮುಗಳಲ್ಲಿ ಗೆದ್ದ ಪ್ರಕಾಶ್, ಈ ಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿದರು. ಪುಲ್ಲೇಲ ಗೋಪಿಚಂದ್ ಆ ಸಾಧನೆಯನ್ನು ಪುನರಾವರ್ತಿಸಿದ್ದು 21 ವರ್ಷಗಳ ನಂತರ, 2001ರಲ್ಲಿ.

2003, ಜೊಹಾನ್ಸ್‌ಬರ್ಗ್: ವಿಶ್ವಕಪ್ ಕ್ರಿಕೆಟ್ ಫೈನಲ್. ರಿಕಿ ಪಾಂಟಿಂಗ್ ಅವರ ಅಜೇಯ 140 ರನ್ನುಗಳ ಬಲದಿಂದ ಆಸ್ಟ್ರೇಲಿಯಾ 2 ವಿಕೆಟ್‌ಗೆ 359 ರನ್ ಪೇರಿಸಿತು. ಭಾರತ 234ಕ್ಕೆ ಆಲೌಟಾಗಿ 125 ರನ್ನುಗಳಿಂದ ಸೋತಿತು. ರಾಹುಲ್ ದ್ರಾವಿಡ್ 47 ರನ್ ಗಳಿಸಿದರು. ಮೈಸೂರಿನ ವೇಗಿ ಜಾವಗಲ್ ಶ್ರೀನಾಥ್ ಅವರಿಗೆ ಇದು ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು. ಹತ್ತು ಓವರುಗಳಲ್ಲಿ 87 ರನ್, ವಿಕೆಟ್ ಇಲ್ಲ. ಆದರೆ ಆ ಒಂದು ಅಂಕಿಯಿಂದ ಅವರನ್ನು ಅಳೆಯಲಾಗದು: 229 ಏಕದಿನ ಪಂದ್ಯಗಳಲ್ಲಿ 315 ವಿಕೆಟ್, ನಾಲ್ಕು ವಿಶ್ವಕಪ್‌ಗಳಲ್ಲಿ 44 ವಿಕೆಟ್ ಅವರ ಹೆಸರಿನಲ್ಲಿವೆ.

2016, ಬೆಂಗಳೂರು: ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟಿ-20 ವಿಶ್ವಕಪ್ ಪಂದ್ಯ. ಭಾರತದ 146 ರನ್ನುಗಳನ್ನು ಬೆನ್ನಟ್ಟಿದ ಬಾಂಗ್ಲಾದೇಶಕ್ಕೆ ಕೊನೆಯ ಮೂರು ಎಸೆತಗಳಲ್ಲಿ ಬೇಕಿದ್ದುದು ಎರಡೇ ರನ್. ಹಾರ್ದಿಕ್ ಪಾಂಡ್ಯ ಅವರ ಎಸೆತಗಳಲ್ಲಿ ಇಬ್ಬರು ಕ್ಯಾಚಿತ್ತು ಮರಳಿದರು. ಅಂತಿಮ ಎಸೆತದಲ್ಲಿ ಮಹೇಂದ್ರ ಸಿಂಗ್ ಧೋನಿ ಓಡಿಬಂದು ಬೇಲ್ಸ್ ಎಗರಿಸಿದರು. ಭಾರತಕ್ಕೆ ಒಂದು ರನ್ ಜಯ.

2021, ಪುಣೆ: ಇಂಗ್ಲೆಂಡ್ ವಿರುದ್ಧದ ಏಕದಿನ ಪಂದ್ಯದಲ್ಲಿ ಬೆಂಗಳೂರಿನ ಪ್ರಸಿದ್ಧ ಕೃಷ್ಣ ಪದಾರ್ಪಣೆ ಮಾಡಿದರು. ಆರಂಭದಲ್ಲಿ ದುಬಾರಿಯಾದರೂ ಮರಳಿ ಬಂದು 54 ರನ್ನಿಗೆ 4 ವಿಕೆಟ್ ಕಿತ್ತರು. ಏಕದಿನ ಪದಾರ್ಪಣೆಯಲ್ಲಿ ಭಾರತೀಯ ಬೌಲರ್ ಒಬ್ಬರು ಅಲ್ಲಿಯವರೆಗೆ ತೋರಿದ ಅತ್ಯುತ್ತಮ ಸಾಧನೆ ಅದು. ಇನ್ನೊಬ್ಬ ಕನ್ನಡಿಗ ಕೆ.ಎಲ್. ರಾಹುಲ್ 43 ಎಸೆತಗಳಲ್ಲಿ ಅಜೇಯ 62 ರನ್ ಗಳಿಸಿದರು. ಭಾರತ 66 ರನ್ನುಗಳಿಂದ ಗೆದ್ದಿತು.

ಈ ಪಟ್ಟಿಯಲ್ಲಿ ಬರುವ ನಾಡಿನ ಆಟಗಾರರು ಬೆಳೆದದ್ದು ಬೆಂಗಳೂರು, ಮೈಸೂರು, ಮಂಗಳೂರಿನ ಆಸುಪಾಸಿನಲ್ಲಿ. ಸಗರನಾಡಿನ ಹೆಸರು ಇಲ್ಲಿಲ್ಲ. ಇದಕ್ಕೆ ಸೌಲಭ್ಯಗಳ ಕೊರತೆಯನ್ನು ಮುಂದಿಡುವುದು ರೂಢಿ, ಅದು ಸುಳ್ಳಲ್ಲ. ಆದರೆ ಪ್ರಕಾಶ್ ಪಡುಕೋಣೆ ಬಾಲ್ಯದಲ್ಲಿ ಅಭ್ಯಾಸ ಮಾಡಿದ್ದು ಸುಸಜ್ಜಿತ ಒಳಾಂಗಣದಲ್ಲಲ್ಲ, ಮನೆಯ ಬಳಿಯ ಮದುವೆ ಮಂಟಪದಲ್ಲಿ. ಮದುವೆಯಿಲ್ಲದ ದಿನಗಳನ್ನು ಕಾದು, ಶಾಲೆ ಮುಗಿಸಿ ಅಲ್ಲಿಗೆ ಓಡುತ್ತಿದ್ದರು ಎಂಬುದನ್ನು ಅವರೇ ಬರೆದುಕೊಂಡಿದ್ದಾರೆ. ಅಂಥ ಮಂಟಪಗಳು ಯಾದಗಿರಿ, ಶಹಾಪುರ, ಸುರಪುರಗಳಲ್ಲೂ ಇವೆ. ವರ್ಷದ ಬಹುಪಾಲು ದಿನ ಅವುಗಳಿಗೆ ಬೀಗ. ಮಕ್ಕಳಿಗಾಗಿ ಆ ಬೀಗ ತೆರೆಸಲು ಅನುದಾನಕ್ಕಾಗಿ ಕಾಯಬೇಕಿಲ್ಲ; ಊರ ಹಿರಿಯರು ಮನಸ್ಸು ಮಾಡಿದರೆ ಸಾಕು.