ಸಂಶಯಕ್ಕೆ ಉತ್ತರ ಕೊಡದ ಚಿಕಿತ್ಸೆ

ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಮನಶ್ಶಾಸ್ತ್ರಜ್ಞ ವಿಕ್ಟರ್ ಮೆಯರ್ 1966ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದ್ದದ್ದು ಇಬ್ಬರು ರೋಗಿಗಳ ವೃತ್ತಾಂತ ಮಾತ್ರ. ಒಬ್ಬಾಕೆ ಶಾಲಾ ಶಿಕ್ಷಕಿ. ಕೊಳೆ ತಾಕಿತೆಂಬ ಭಯಕ್ಕೆ ದಿನವಿಡೀ ತೊಳೆಯುವುದು, ಉಜ್ಜುವುದು, ಮತ್ತೆ ತೊಳೆಯುವುದು. ಇನ್ನೊಬ್ಬಾಕೆಯ ಮನಸ್ಸಿಗೆ ದೇವರನ್ನು ಹಳಿಯುವ, ಹೇಸಿಗೆ ಹುಟ್ಟಿಸುವ ಯೋಚನೆಗಳು ನುಗ್ಗುತ್ತಿದ್ದವು. ಅವುಗಳ ದೋಷ ಕಳೆಯಲೆಂದು ಆಕೆ ಮಾಡಿದ್ದನ್ನೇ ಮಾಡುತ್ತಿದ್ದಳು. ಮೆಯರ್ ಈ ಯೋಚನೆಗಳ ಮೂಲ ಕೆದಕಲು ಹೋಗಲಿಲ್ಲ. ಶಿಕ್ಷಕಿಯ ಕೋಣೆಯ ನಲ್ಲಿಗೆ ನೀರು ಬರದಂತೆ ಮಾಡಿಸಿದ. ಆಕೆ ಎಚ್ಚರವಿರುವಷ್ಟು ಹೊತ್ತೂ ನರ್ಸುಗಳು ಜೊತೆಗಿದ್ದರು. ಆಕೆ ಮುಟ್ಟಲು ಅಂಜುವ ವಸ್ತುಗಳನ್ನೇ ಮುಟ್ಟಿಸಿದರು, ಆಮೇಲೆ ತೊಳೆಯಲು ಬಿಡದೆ ಮಾತಾಡಿಸಿದರು, ಒಲಿಸಿದರು, ಬೇರೆ ಕೆಲಸಕ್ಕೆ ಹಚ್ಚಿದರು. ಕೆಲವು ವಾರಗಳಲ್ಲಿ ಇಬ್ಬರ ಆಚರಣೆಗಳೂ ಗಣನೀಯವಾಗಿ ತಗ್ಗಿದವು. ಗೀಳು ಮನೋರೋಗಕ್ಕೆ ಇಂದು ಜಗತ್ತಿನಾದ್ಯಂತ ಮೊದಲ ಸಾಲಿನಲ್ಲಿ ನಿಲ್ಲುವ ಮನೋಚಿಕಿತ್ಸೆ ಈ ಇಬ್ಬರಿಂದ ಶುರುವಾಯಿತು. ಅಲ್ಲಿಗೆ ತಲುಪಲು ಅಷ್ಟು ಕಾಲ ಹಿಡಿದದ್ದಕ್ಕೆ ಜ್ಞಾನದ ಕೊರತೆಯೊಂದೇ ಕಾರಣವಲ್ಲ ಎಂಬುದು ನನ್ನ ವಾದ. ಈ ಯೋಚನೆಯ ಅರ್ಥವೇನು ಎಂಬ ಪ್ರಶ್ನೆ ಎಲ್ಲರನ್ನೂ ಹಿಡಿದಿಟ್ಟಿತ್ತು. ಯೋಚನೆ ಬಂದ ಮೇಲೆ ರೋಗಿ ಏನು ಮಾಡುತ್ತಾನೆ ಎಂದು ಕೇಳಿದಾಗಲೇ ದಾರಿ ಬಿಟ್ಟದ್ದು.

ಹಾಗೆ ನೋಡಿದರೆ, ಈ ಎರಡನೆಯ ಪ್ರಶ್ನೆಯನ್ನು ವೈದ್ಯರಿಗಿಂತ ಮುಂಚೆ ಪಾದ್ರಿಗಳು ಕೇಳಿದ್ದರು. 1666ರಲ್ಲಿ ಇಂಗ್ಲೆಂಡಿನ ಜಾನ್ ಬನ್ಯನ್ ಬರೆದ ಆತ್ಮಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ಚರ್ಚಿನ ಗಂಟೆ ಬಾರಿಸುವುದು ಅವನಿಗೆ ಬಲು ಇಷ್ಟ. ಆದರೆ ಅದು ವ್ಯರ್ಥ ವಿನೋದವೆಂದು ಮನಸ್ಸು ಚುಚ್ಚಿ, ಬಾರಿಸುವುದನ್ನು ಬಿಟ್ಟು ನೋಡುವುದಷ್ಟಕ್ಕೇ ನಿಲ್ಲುತ್ತಾನೆ. ಗಂಟೆಯೇ ತಲೆಯ ಮೇಲೆ ಬಿದ್ದರೆ ಎಂಬ ಭಯ ಹುಟ್ಟುತ್ತದೆ. ದಪ್ಪ ತೊಲೆಯ ಕೆಳಗೆ ಹೋಗಿ ನಿಲ್ಲುತ್ತಾನೆ. ಬಿದ್ದ ಗಂಟೆ ಗೋಡೆಗೆ ಬಡಿದು ಇತ್ತಲೇ ಪುಟಿದರೆ? ಬಾಗಿಲಿಗೆ ಸರಿಯುತ್ತಾನೆ. ಗೋಪುರವೇ ಕುಸಿದರೆ? ಕೊನೆಗೆ ಅಲ್ಲಿಂದ ಓಡಿಯೇ ಹೋಗುತ್ತಾನೆ. ಒಂದು ಸಂಶಯಕ್ಕೆ ಸಮಾಧಾನ ಸಿಕ್ಕ ಕೂಡಲೇ ಅದರ ಬೆನ್ನಿಗೇ ಇನ್ನೊಂದು ಹುಟ್ಟುವ ಬಗೆಯನ್ನು ಇಷ್ಟು ನಿಖರವಾಗಿ ಹೇಳುವ ಬರವಣಿಗೆ ಮನೋವೈದ್ಯಕೀಯದಲ್ಲೂ ಅಪರೂಪ. ಬನ್ಯನ್‌ನಂಥವರ ಪಾಡು ಕಂಡ ನಾರಿಚ್‌ನ ಬಿಷಪ್ ಜಾನ್ ಮೂರ್ 1690ರ ದಶಕದ ಆರಂಭದಲ್ಲಿ ಒಂದು ಉಪದೇಶ ಮಾಡಿದ. ಪ್ರಾರ್ಥನೆಯ ನಡುವೆ ನುಗ್ಗುವ ದುಷ್ಟ ಯೋಚನೆಗಳೊಡನೆ ಹೆಣಗಾಡಬೇಡಿ, ಹೆಣಗಿದಷ್ಟೂ ಅವು ಉಬ್ಬುತ್ತವೆ ಎಂಬುದು ಅದರ ತಿರುಳು. ಕ್ಯಾಥೋಲಿಕ್ ಪಾದ್ರಿಗಳ ಕಟ್ಟಳೆಯೂ ಇದೇ ಜಾಡಿನದು: ಅತಿ ಅಳುಕಿನ ಭಕ್ತ ಒಪ್ಪಿಕೊಂಡ ಪಾಪವನ್ನೇ ಮತ್ತೆ ಒಪ್ಪಿಕೊಳ್ಳಲು ಬಂದರೆ ಅವನಿಗೆ ಅವಕಾಶ ಕೊಡಬಾರದು. ನಮಾಜಿಗೆ ಮುಂಚಿನ ಶುದ್ಧಿ, ಅಂದರೆ ವುಜೂ, ಸರಿಯಾಯಿತೋ ಇಲ್ಲವೋ ಎಂದು ನೀರು ಸುರಿದುಕೊಳ್ಳುತ್ತಲೇ ಇರುವವನಿಗೆ ಇಸ್ಲಾಮಿನ ನ್ಯಾಯಶಾಸ್ತ್ರವೂ, ಖಚಿತವಾಗಿ ಆದದ್ದನ್ನು ಬರಿಯ ಅನುಮಾನ ಅಳಿಸಲಾರದು ಎಂಬ ಸೂತ್ರವನ್ನು ಮುಂದಿಟ್ಟಿತು. ಸಂಶಯಕ್ಕೆ ಉತ್ತರ ಕೊಡುತ್ತಾ ಹೋದರೆ ಅದು ಬೆಳೆಯುತ್ತದೆ ಎಂದು ಇವರೆಲ್ಲ ಅನುಭವದಿಂದ ಅರಿತಿದ್ದರು. ಯಾಕೆ ಬೆಳೆಯುತ್ತದೆ ಎಂಬುದಕ್ಕೆ ವಿವರಣೆ ಇರಲಿಲ್ಲ. ಹಾಗಾಗಿ ಆ ಅರಿವು ಉಪದೇಶವಾಗಿಯೇ ಉಳಿಯಿತು, ಚಿಕಿತ್ಸೆಯಾಗಲಿಲ್ಲ.

ರೋಗ ಪಾದ್ರಿಯ ಕೈಯಿಂದ ವೈದ್ಯನ ಕೈಗೆ ಬಂದಾಗ ಆ ಅರಿವೂ ಕಳೆದುಹೋಯಿತು. ಫ್ರಾನ್ಸಿನ ಎಸ್ಕ್ವಿರೋಲ್ 1838ರ ತನ್ನ ಗ್ರಂಥದಲ್ಲಿ ವ್ಯಾಪಾರಿ ಕುಟುಂಬದ ಒಬ್ಬ ಹೆಣ್ಣುಮಗಳನ್ನು ಚಿತ್ರಿಸಿದ್ದಾನೆ. ಹದಿನೆಂಟರ ಹರೆಯದಲ್ಲಿ ಅತ್ತೆಯ ಮನೆಯಿಂದ ಹೊರಡುವಾಗ ಅಪ್ರನ್ನಿನ ಜೇಬಿನಲ್ಲಿ ತನಗರಿವಿಲ್ಲದೆ ಏನಾದರೂ ಬಂದುಬಿಟ್ಟಿತೇ ಎಂದು ಶುರುವಾದ ಅಳುಕು ಲೆಕ್ಕದ ಪುಸ್ತಕಕ್ಕೂ, ನಾಣ್ಯಕ್ಕೂ, ಬಾಚಣಿಗೆಯ ಹಲ್ಲುಗಳಿಗೂ ಹಬ್ಬುತ್ತದೆ. ಬೆಲೆಬಾಳುವುದು ಯಾವುದೋ ಬೆರಳಿಗೆ ಅಂಟಿಕೊಂಡಿರಬಹುದು ಎಂದು ಕೈ ಕೊಡವುತ್ತಾಳೆ, ತೊಳೆಯುತ್ತಾಳೆ. ಇದು ಅಸಂಬದ್ಧ ಎಂದು ಅವಳಿಗೇ ಗೊತ್ತು, ಗೊತ್ತಿದ್ದೂ ಬಿಡಲಾಗದು. ಬುದ್ಧಿ ನೆಟ್ಟಗಿದ್ದವಳನ್ನು ಹುಚ್ಚಿ ಎನ್ನುವುದು ಹೇಗೆ? ಮುಂದಿನ ಎಪ್ಪತ್ತು ವರ್ಷ ಫ್ರೆಂಚ್, ಜರ್ಮನ್ ವೈದ್ಯರು ಈ ಗೋಜಲಿನಲ್ಲೇ ತೊಡಗಿದ್ದರು: ದೋಷ ಸಂಕಲ್ಪದ್ದೋ, ಭಾವನೆಯದ್ದೋ, ಬುದ್ಧಿಯದ್ದೋ. ವರ್ಣನೆ ಶ್ರೀಮಂತವಾಯಿತು. ರೋಗಿಗೆ ದಕ್ಕಿದ್ದು ಕಡಿಮೆ.

ಫ್ರಾಯ್ಡ್‌ನ ವಿಷಯ ಇದಕ್ಕಿಂತ ಕುತೂಹಲಕರ. ‘ಇಲಿ ಮನುಷ್ಯ’ ಎಂದು ಹೆಸರಾದ ರೋಗಿಯ ಬಗ್ಗೆ 1909ರಲ್ಲಿ ಬರೆದ ದೀರ್ಘ ಪ್ರಬಂಧ, ಒಂದೊಂದು ಗೀಳಿನ ಹಿಂದೆಯೂ ತಂದೆಯ ಮೇಲಿನ ಹಗೆ, ಪ್ರೀತಿ, ಬಾಲ್ಯದ ಕಾಮನೆಗಳನ್ನು ಬಿಡಿಸಿ ತೋರಿಸುವ ಪಾಂಡಿತ್ಯದ ಪರಾಕಾಷ್ಠೆ. ಮುಂದೆ ಅರ್ಧ ಶತಮಾನ ಗೀಳು ರೋಗಿಗಳು ಮಂಚದ ಮೇಲೆ ಮಲಗಿ ಅರ್ಥ ಹುಡುಕಿದ್ದು ಈ ಪ್ರಬಂಧದ ನೆರಳಲ್ಲೇ. ಆದರೆ 1918ರಲ್ಲಿ ಬುಡಾಪೆಸ್ಟ್‌ನ ಭಾಷಣದಲ್ಲಿ ಅದೇ ಫ್ರಾಯ್ಡ್, ಗೀಳಿನ ಆಚರಣೆಯ ತೀವ್ರ ರೋಗಿಗಳಲ್ಲಿ ಸುಮ್ಮನೆ ಕಾಯುತ್ತ ಕೂರುವುದು ಫಲ ಕೊಡದು, ಅವರ ವಿಶ್ಲೇಷಣೆಗೆ ಅಂತ್ಯವೇ ಇಲ್ಲದಂತಾಗುವ ಅಪಾಯವಿದೆ, ಚಿಕಿತ್ಸೆಯ ಬಲದಿಂದಲೇ ಆ ಆಚರಣೆಯನ್ನು ಅದುಮಬೇಕು ಎಂಬರ್ಥದ ಮಾತಾಡಿದ್ದಾನೆ. ಸಂಶಯದ ರೋಗಿಗೆ ತನ್ನ ಯೋಚನೆಗಳ ಅರ್ಥವನ್ನು ಅಗೆಯುವ ಕೆಲಸ ಹಚ್ಚಿದರೆ ಅವನು ಅಗೆಯುತ್ತಲೇ ಇರುತ್ತಾನೆ, ಅದೇ ಅವನ ಕಾಯಿಲೆ! ಫ್ರಾಯ್ಡ್ ಹೊಸ್ತಿಲವರೆಗೆ ಬಂದಿದ್ದ. ಅವನ ಅನುಯಾಯಿಗಳು ಅದನ್ನು ದಾಟಲಿಲ್ಲ. 1950ರ ಹೊತ್ತಿಗೆ ತೀವ್ರ ಗೀಳಿನವರಿಗೆ ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಿದ್ದರು ಎಂದರೆ ವೈದ್ಯರ ಹತಾಶೆ ಎಷ್ಟಿತ್ತೆಂದು ಊಹಿಸಬಹುದು.

ಪಾದ್ರಿಗಳ ಬಳಿ ಇಲ್ಲದಿದ್ದ ವಿವರಣೆ ಕೊನೆಗೆ ಬಂದದ್ದು ನಾಯಿಗಳ ಮೇಲಿನ ಪ್ರಯೋಗದಿಂದ. ಹಾರ್ವರ್ಡ್‌ನಲ್ಲಿ ರಿಚರ್ಡ್ ಸಾಲೊಮನ್ ಮತ್ತು ಸಂಗಡಿಗರು 1953ರಲ್ಲಿ ವರದಿ ಮಾಡಿದಂತೆ, ಸೂಚನೆ ಕೊಟ್ಟು ವಿದ್ಯುತ್ ಆಘಾತ ಕೊಟ್ಟಾಗ ತಡೆಗೋಡೆ ಹಾರಿ ಪಾರಾಗಲು ಕಲಿತ ನಾಯಿಗಳು, ವಿದ್ಯುತ್ತನ್ನು ಪೂರ್ತಿ ನಿಲ್ಲಿಸಿದ ಮೇಲೂ ನೂರಾರು ಸಲ ಹಾರುತ್ತಲೇ ಇದ್ದವು. ಹಾರಿದ್ದರಿಂದಲೇ ಪಾರಾದೆ ಎಂದು ಅವುಗಳ ಲೆಕ್ಕ. ನಿಂತು ನೋಡಿದ್ದರೆ ತಾನೆ ಆಘಾತ ಇಲ್ಲವೆಂದು ತಿಳಿಯುವುದು? ಹಾರಲು ಆಗದಂತೆ ಗಾಜಿನ ಅಡ್ಡ ಇಟ್ಟು ಅವುಗಳನ್ನು ನಿಲ್ಲಿಸಿ ನೋಡುವ ಯತ್ನವೂ ಆಯಿತು. ಮೆಯರ್ ಮುಚ್ಚಿಸಿದ ನಲ್ಲಿ ಆ ಗಾಜಿನ ಅಡ್ಡವೇ. ಮಾಡ್ಸ್ಲಿ ಆಸ್ಪತ್ರೆಯ ಜ್ಯಾಕ್ ರಾಕ್‌ಮನ್, ಪದ್ಮಲ್ ಡಿ ಸಿಲ್ವಾ ಮೊದಲಾದವರು 1976ರಲ್ಲಿ ಇದನ್ನು ಗಡಿಯಾರ ಹಿಡಿದು ಅಳೆದರು. ಕೊಳೆ ಮುಟ್ಟಿಸಿ ಕೈತೊಳೆಯಲು ಬಿಡದಿದ್ದರೆ ತೊಳೆಯಬೇಕೆಂಬ ಒತ್ತಡ ಬಹುಪಾಲು ಮೊದಲ ಒಂದು ಗಂಟೆಯಲ್ಲೇ ಇಳಿಯುತ್ತಿತ್ತು. ತೊಳೆಯದೆ ಹೋದರೆ ಈ ಸಂಕಟ ಎಂದಿಗೂ ತೀರದು ಎಂಬುದು ರೋಗಿಯ ನಂಬಿಕೆ. ಅದನ್ನು ಸುಳ್ಳಾಗಿಸಲು ಮಾತು ಸಾಲದು, ಕಾಯಬೇಕು.

ರಾಕ್‌ಮನ್ ಮತ್ತು ಡಿ ಸಿಲ್ವಾ ಅವರ 1978ರ ಅಧ್ಯಯನವನ್ನು ನಾನು ಇದಕ್ಕಿಂತಲೂ ಮುಖ್ಯವೆಂದು ಎಣಿಸುತ್ತೇನೆ. ಯಾವ ಕಾಯಿಲೆಯೂ ಇಲ್ಲದ 124 ಮಂದಿಯನ್ನು ವಿಚಾರಿಸಿದಾಗ ಶೇ. 80ರಷ್ಟು ಜನ ತಮಗೂ ಇಂಥ ಯೋಚನೆಗಳು ಬರುತ್ತವೆ ಎಂದರು: ಮಗುವನ್ನು ಎತ್ತಿ ಎಸೆದುಬಿಟ್ಟರೆ, ರೈಲಿನ ಮುಂದೆ ಯಾರನ್ನೋ ನೂಕಿಬಿಟ್ಟರೆ ಎನ್ನುವಂಥವು. ರೋಗಿಗಳ ಯೋಚನೆಗಳನ್ನೂ ಇವರ ಯೋಚನೆಗಳನ್ನೂ ಬೆರೆಸಿ ಕೊಟ್ಟಾಗ, ಯಾವುದು ಯಾರದೆಂದು ನುರಿತ ಚಿಕಿತ್ಸಕರಿಗೂ ಸರಿಯಾಗಿ ಬೇರ್ಪಡಿಸಲು ಆಗಲಿಲ್ಲ. ಯೋಚನೆಯ ಅರ್ಥದಲ್ಲೇ ರೋಗವಿದ್ದಿದ್ದರೆ ಈ ಫಲಿತಾಂಶ ಬರುತ್ತಿರಲಿಲ್ಲ. ಹಾಳು ಯೋಚನೆ ಎಂದು ಒಬ್ಬ ತಲೆ ಕೊಡವಿ ಮುಂದೆ ಹೋಗುತ್ತಾನೆ. ಇನ್ನೊಬ್ಬ, ಇಂಥದ್ದು ಬಂತೆಂದರೆ ನಾನೇ ಹೊಣೆ ಎಂದು ಅದಕ್ಕೆ ಪರಿಹಾರ ಮಾಡಲು ಕೂರುತ್ತಾನೆ. ಪಾಲ್ ಸಾಲ್ಕೊವ್‌ಸ್ಕಿಸ್ 1985ರಲ್ಲಿ ಈ ಉಬ್ಬಿದ ಹೊಣೆಗಾರಿಕೆಯನ್ನೇ ರೋಗದ ನಡುಗಂಬವೆಂದು ವಾದಿಸಿದ.

ಈ ಚಿಕಿತ್ಸೆಗೆ ಹಳೆಯ ಆಕ್ಷೇಪವೊಂದಿದೆ: ಬೇರು ಕೀಳದೆ ಚಿಗುರು ಚಿವುಟಿದರೆ ರೋಗ ಇನ್ನೊಂದು ಕಡೆ ತಲೆಯೆತ್ತುತ್ತದೆ. ತರ್ಕಕ್ಕೆ ಒಪ್ಪುವ ಮಾತೇ. ಆದರೆ ಮೆಯರ್ 1974ರ ಹೊತ್ತಿಗೆ ಚಿಕಿತ್ಸೆ ಕೊಟ್ಟಿದ್ದ 15 ಮಂದಿಯಲ್ಲಿ 10 ಮಂದಿ ಬಹುಮಟ್ಟಿಗೆ ಗುಣವಾಗಿದ್ದರು, ಐದಾರು ವರ್ಷಗಳವರೆಗಿನ ಅವಧಿಯಲ್ಲಿ ಮರುಕಳಿಸಿದ್ದು ಇಬ್ಬರಿಗೆ ಮಾತ್ರ. ಆಮೇಲಿನ ದೊಡ್ಡ ಪರೀಕ್ಷೆಗಳಲ್ಲೂ ಚಿವುಟಿದ ಲಕ್ಷಣದ ಜಾಗಕ್ಕೆ ಹೊಸ ಲಕ್ಷಣ ಬರುವುದು ನಿಯಮವಾಗಿ ಕಾಣಲಿಲ್ಲ. ಇದು ಕ್ರೌರ್ಯವಲ್ಲವೇ ಎಂಬ ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ನೀರು ನಿಲ್ಲಿಸಿ ಕಾವಲು ಕೂರಿಸುವ ಮೊದಲ ವಿಧಾನ ಇಂದು ನಮಗೆ ಮುಜುಗರ ತರುವಂಥದ್ದೇ. ಈಗ ಅದನ್ನು ಯಾರೂ ಹಾಗೆ ಮಾಡುವುದಿಲ್ಲ. ಯಾವುದನ್ನು ಯಾವಾಗ ಮುಟ್ಟಬೇಕೆಂದು ರೋಗಿ ಚಿಕಿತ್ಸಕರೊಡನೆ ಕೂತು ತೀರ್ಮಾನಿಸುತ್ತಾನೆ, ತೊಳೆಯದೆ ತಡೆದುಕೊಳ್ಳುವುದೂ ಅವನೇ. ಹಾಗಿದ್ದೂ ಹಲವರು ಹೆದರಿ ಒಪ್ಪುವುದಿಲ್ಲ, ಅರ್ಧಕ್ಕೆ ಬಿಡುವವರೂ ಉಂಟು. ಈ ಚಿಕಿತ್ಸೆಯ ನಿಜವಾದ ಮಿತಿ ಇರುವುದು ಇಲ್ಲಿ.

ಮೂರನೆಯ ಆಕ್ಷೇಪ ಔಷಧದ ಕಡೆಯಿಂದ ಬಂತು. ಕ್ಲೊಮಿಪ್ರಮೀನ್ ಗುಳಿಗೆ ಗೀಳನ್ನು ತಗ್ಗಿಸುತ್ತದೆಂದು 1960ರ ದಶಕದ ಕೊನೆಯಲ್ಲಿ ಸ್ಪೇನಿನ ವೈದ್ಯರು ಗಮನಿಸಿದರು. 1989ರಲ್ಲಿ ಅಮೆರಿಕ ಅದಕ್ಕೆ ಮನ್ನಣೆ ಕೊಟ್ಟಿತು. ಇದು ಮಿದುಳಿನ ರಾಸಾಯನಿಕದ ರೋಗ ಎಂದ ಮೇಲೆ ನಲ್ಲಿ, ನರ್ಸುಗಳ ಮಾತೇಕೆ ಎಂದು ಕೇಳುವುದು ಸಹಜ. 1992ರಲ್ಲಿ ಲಾಸ್ ಏಂಜಲಿಸ್‌ನ ಲೂಯಿಸ್ ಬ್ಯಾಕ್ಸ್‌ಟರ್ ತಂಡ ಒಂಬತ್ತು ಮಂದಿಗೆ ಔಷಧ, ಒಂಬತ್ತು ಮಂದಿಗೆ ಮೆಯರ್ ಬಗೆಯ ವರ್ತನಾ ಚಿಕಿತ್ಸೆ ಕೊಟ್ಟು ಮಿದುಳಿನ ಚಿತ್ರ ತೆಗೆಯಿತು. ಗುಣ ಕಂಡವರಲ್ಲಿ ಎರಡೂ ಗುಂಪಿನವರಿಗೆ ಮಿದುಳಿನ ಒಂದೇ ಭಾಗದ ಅತಿ ಚಟುವಟಿಕೆ ಇಳಿದಿತ್ತು. ತೊಳೆಯದೆ ಕೂತದ್ದೂ ಮಿದುಳಿನ ಮೇಲೇ ಕೆಲಸ ಮಾಡಿತ್ತು. ಎಡ್ನಾ ಫೋವಾ ಮತ್ತಿತರರು 2005ರಲ್ಲಿ ಎರಡನ್ನೂ ಹೋಲಿಸಿದಾಗ, ಚಿಕಿತ್ಸೆ ಪೂರೈಸಿದವರಲ್ಲಿ ವರ್ತನಾ ಚಿಕಿತ್ಸೆಗೆ ಶೇ. 86, ಕ್ಲೊಮಿಪ್ರಮೀನ್‌ಗೆ ಶೇ. 48, ಹುಸಿ ಗುಳಿಗೆಗೆ ಶೇ. 10 ಮಂದಿ ಸ್ಪಂದಿಸಿದ್ದರು. ಪೂರೈಸಿದವರಲ್ಲಿ ಎಂಬ ಮಾತನ್ನು ಮಾತ್ರ ಮರೆಯಬಾರದು.

ಹಾಗಾದರೆ ಯೋಚನೆಯ ವಸ್ತುವಿಗೆ ಬೆಲೆಯೇ ಇಲ್ಲವೇ? ಇದೆ, ಬೇರೆ ಕಾರಣಕ್ಕೆ. 1970ರ ದಶಕದಲ್ಲಿ ಬಂಗಾಳದ ಮನೋವೈದ್ಯರು ‘ಶುಚಿಬಾಯಿ’ ಎಂಬ ಸ್ಥಿತಿಯನ್ನು ವರ್ಣಿಸಿದರು. ಸೆಗಣಿ ನೀರು, ಒದ್ದೆ ಬಟ್ಟೆ, ಬೀದಿಯಲ್ಲಿ ಹಾರುನಡಿಗೆ, ಹೆಚ್ಚಾಗಿ ವಿಧವೆಯರಲ್ಲಿ. ಮಡಿ ಮೈಲಿಗೆಯ ನಾಡಿನಲ್ಲಿ ರೋಗ ಮಡಿಯ ಉಡುಪು ತೊಡುವುದರಲ್ಲಿ ಆಶ್ಚರ್ಯವಿಲ್ಲ. ಅಷ್ಟಕ್ಕೇ ಮಡಿಯೆಲ್ಲ ರೋಗ ಎನ್ನುವುದು ಅವಸರದ ಮಾತು. ಕಣ್ಣಿಗೆ ಕಾಣದ ಮೈಲಿಗೆ ಮೈಲಿಗೆಯಲ್ಲ, ನೀರು ಹಾಕಿದ್ದು ಶುದ್ಧ, ಶುದ್ಧವೆಂದು ಬಾಯಲ್ಲಿ ಹೇಳಿದರೆ ಅದೂ ಶುದ್ಧ ಎಂಬರ್ಥದ ವಿಧಿ ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲೇ ಇದೆ. ಆ ಗ್ರಂಥದ ಉಳಿದ ಕಟ್ಟಳೆಗಳನ್ನು ಒಪ್ಪದವರೂ ಇದೊಂದನ್ನು ಗಮನಿಸಬೇಕು: ಆಚಾರ ತನಗೊಂದು ಕೊನೆಯನ್ನು ಇಟ್ಟುಕೊಂಡಿರುತ್ತದೆ, ಗೀಳಿಗೆ ಆ ಕೊನೆ ಸಿಗುವುದಿಲ್ಲ. ಮೂರು ಚೊಂಬು ಸಾಕೆಂದು ಶಾಸ್ತ್ರ ಹೇಳಿದರೂ ಮೂವತ್ತು ಚೊಂಬು ಹುಯ್ದುಕೊಳ್ಳುವವರ ಚಿಕಿತ್ಸೆಯಲ್ಲಿ ಅವರ ಶಾಸ್ತ್ರ ತಿಳಿದ ಚಿಕಿತ್ಸಕರಿಗೆ ಕೆಲಸ ಸುಲಭವಾಗುತ್ತದೆ.

ನಮ್ಮಲ್ಲಿ ಈ ರೋಗದ ವ್ಯವಸ್ಥಿತ ಅಧ್ಯಯನದ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ಗೀಳು ರೋಗಕ್ಕೇ ಮೀಸಲಾದ ಕ್ಲಿನಿಕ್ ನಡೆಯುತ್ತಿದೆ. ಆ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ. 0.8ರ ಆಸುಪಾಸಿನವರಿಗೆ ಈ ತೊಂದರೆಯಿದೆ. ಒಬ್ಬೊಬ್ಬರಿಗೂ ಹತ್ತಿಪ್ಪತ್ತು ಸಲ, ಪ್ರತಿ ಸಲ ಒಂದು ಒಂದೂವರೆ ಗಂಟೆ ಕೂರಬೇಕಾದ ಚಿಕಿತ್ಸೆ ಇದು. ತರಬೇತಾದ ಮನಶ್ಶಾಸ್ತ್ರಜ್ಞರು ದೊಡ್ಡ ಊರುಗಳಾಚೆ ಸಿಗುವುದು ಕಷ್ಟ. ಹಾಗಾಗಿ ಗುಳಿಗೆ ಮುಂದಾಗಿದೆ, ಅದು ತಪ್ಪೂ ಅಲ್ಲ. ಇನ್ನೊಂದು ತೊಡಕು ಮನೆಯೊಳಗಿನದು. “ಏನ್ರೀ, ಗ್ಯಾಸ್ ಆಫ್ ಮಾಡಿದ್ದೀನಾ?” ಎಂದು ಹೆಂಡತಿ ಹತ್ತನೇ ಸಲ ಕೇಳಿದರೆ ಗಂಡ ಹತ್ತನೇ ಸಲವೂ “ಹೂಂ ಕಣೇ, ಮಾಡಿದ್ದೀ” ಎನ್ನುತ್ತಾನೆ, ಸೊಸೆ ಅತ್ತೆಯ ಸಮಾಧಾನಕ್ಕೆಂದು ಹೊರಗಿಂದ ಬಂದ ಮಕ್ಕಳಿಗೆಲ್ಲ ಸ್ನಾನ ಮಾಡಿಸುತ್ತಾಳೆ. ಪ್ರೀತಿಯಿಂದ ಕೊಡುವ ಈ ಉತ್ತರಗಳು ರೋಗಕ್ಕೆ ಮೇವಾಗುತ್ತವೆಂದು 1990ರ ದಶಕದಿಂದೀಚೆಗಿನ ಸಂಶೋಧನೆಗಳು ಬಾರಿಬಾರಿಗೂ ತೋರಿಸಿವೆ. ಅದಕ್ಕೇ ಈಗ ಮನೆಯವರನ್ನೂ ಜೊತೆಗೆ ಕೂರಿಸಿ, ಒಂದು ಸಲ ಉತ್ತರಿಸಿ ಆಮೇಲೆ “ಇದು ನಿನ್ನ ಕಾಯಿಲೆ ಕೇಳ್ತಿರೋ ಪ್ರಶ್ನೆ, ಇದಕ್ಕೆ ನಾನು ಉತ್ತರ ಕೊಡಲ್ಲ” ಎನ್ನುವುದನ್ನು ಕಲಿಸುತ್ತಾರೆ.