ಗುಲಾಬಿ ಎಲೆಯನ್ನು ಆಲೂಗಡ್ಡೆಗೆ ಚುಚ್ಚಿಟ್ಟರೆ ಗಿಡ ಬರುತ್ತದೆಯೇ?

ಗುಲಾಬಿಯ ಎಲೆಯೊಂದನ್ನು ಕಿತ್ತು, ಆಲೂಗಡ್ಡೆಗೆ ಚುಚ್ಚಿ ಮಣ್ಣಲ್ಲಿ ಹೂತರೆ ಕೆಲವೇ ದಿನಗಳಲ್ಲಿ ಹೂಗಿಡ ಸಿದ್ಧ ಎನ್ನುವ ವಿಡಿಯೊಗಳು ವಾಟ್ಸ್ಆಪ್‌ನಲ್ಲಿ ಆಗಾಗ ಸುತ್ತುತ್ತಿರುತ್ತವೆ. ಇದು ನಿಜವೇ? ಗುಲಾಬಿ, ದಾಸವಾಳಗಳ ಮಟ್ಟಿಗೆ ಅಲ್ಲ. ಆದರೆ ಬರೀ ಎಲೆಯಿಂದಲೇ ಗಿಡವಾಗುವ ಹೂಗಿಡಗಳೂ ಇವೆ.

ಎಂ.ಕೆ. ಹುಬ್ಬಳ್ಳಿಯ ಸುತ್ತ, ಮಲಪ್ರಭೆಯ ದಂಡೆಯ ಹೊಲಗಳಲ್ಲಿ ಕಬ್ಬು ನಾಟಿ ಮಾಡುವವರಿಗೆ ಇದರ ಕಾರಣ ಹೇಳಬೇಕಿಲ್ಲ. ಬೀಜದ ಕಬ್ಬು ಕಡಿಯುವಾಗ ಅವರು ಮೊದಲು ನೋಡುವುದು ಕಣ್ಣನ್ನು. ರವದಿ ಹೂತು ಕಬ್ಬು ಬೆಳೆದವರಿಲ್ಲ. ಗುಲಾಬಿಯ ಕಣ್ಣೂ ಇರುವುದು ಎಲೆಯಲ್ಲಲ್ಲ, ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ. ಎಲೆ ಕಿತ್ತರೆ ಕಣ್ಣು ಕಾಂಡದಲ್ಲೇ ಉಳಿಯುತ್ತದೆ. ತೇವದಲ್ಲಿಟ್ಟ ಎಲೆ ವಾರಗಟ್ಟಲೆ ಹಸಿರಾಗಿರಬಹುದು, ಕೆಲವೊಮ್ಮೆ ಬೇರನ್ನೂ ಬಿಡಬಹುದು. ಚಿಗುರು ಮಾತ್ರ ಬಾರದು. ಇನ್ನು ಆಲೂಗಡ್ಡೆ ಎಂದರೆ ನೆಲದೊಳಗಿನ ಕಾಂಡ, ಅದಕ್ಕೆ ತನ್ನದೇ ಕಣ್ಣುಗಳಿವೆ. ಹೂತ ಜಾಗದಲ್ಲಿ ಮೊಳಕೆ ಕಂಡರೆ ಅದು ಆಲೂಗಡ್ಡೆಯದೇ ಇರಬಹುದು!

ಆಫ್ರಿಕನ್ ವಯೊಲೆಟ್‌ನ ಕಥೆ ಬೇರೆ. ಕತ್ತರಿಸಿದ ತೊಟ್ಟಿನ ಬಳಿಯ ಜೀವಕೋಶಗಳು ಬೇರನ್ನೂ ಹೊಸ ಚಿಗುರನ್ನೂ ತಾವೇ ಕಟ್ಟಿಕೊಳ್ಳಬಲ್ಲವು. 3–4 ಸೆಂ.ಮೀ. ತೊಟ್ಟು ಉಳಿಸಿ ಎಲೆ ಕತ್ತರಿಸಿ, ತೇವವಿರುವ ಕೋಕೋಪಿಟ್–ಮರಳಿನಲ್ಲಿ ಓರೆಯಾಗಿ ನೆಡಿ. ನೆರಳಲ್ಲಿಡಿ, ಬಿಸಿಲು ತಾಗಿಸಬೇಡಿ. ಬೇರಿಗೆ 3–4 ವಾರ, ಮರಿಗಿಡಕ್ಕೆ 2–3 ತಿಂಗಳು ಬೇಕು. ಏಳು ದಿನದಲ್ಲಿ ಹೂವು ಎನ್ನುವ ಮಾತು ಇಲ್ಲೂ ಸುಳ್ಳೇ. ರೆಕ್ಸ್ ಬಿಗೋನಿಯದ ಎಲೆಯನ್ನು ಹಿಂಬದಿಯ ದಪ್ಪ ನರಗಳಲ್ಲಿ ಅಲ್ಲಲ್ಲಿ ಕೊಯ್ದು ಮಣ್ಣಿಗೆ ಒತ್ತಿಟ್ಟರೆ, ಕೊಯ್ದಲ್ಲೆಲ್ಲ ಮರಿಗಳು ಬರುತ್ತವೆ.

ಎಲ್ಲಕ್ಕಿಂತ ಸುಲಭದ್ದು ಕಾಡುಬಸಳೆ. ಎಲೆ ನೆಲಕ್ಕೆ ಬಿದ್ದರೆ ಸಾಕು, ಅಂಚಿನ ಕಚ್ಚುಗಳಲ್ಲಿ ಮರಿಗಿಡಗಳೇಳುತ್ತವೆ. ಈ ಗಿಡದ ಬಗ್ಗೆ ಇನ್ನೊಂದು ಫಾರ್ವರ್ಡ್ ಇದೆ: ದಿನಾ ಎಲೆ ತಿಂದರೆ ಕಿಡ್ನಿ ಕಲ್ಲು ಕರಗುತ್ತದೆ ಎನ್ನುವುದು. ನಮಗೆ ಗುಲಾಬಿ ವಿಡಿಯೊಗಿಂತ ಇದೇ ಹೆಚ್ಚು ಆತಂಕದ್ದು. ಇದರಲ್ಲಿ ಹೃದಯ ಬಡಿತವನ್ನು ಏರುಪೇರು ಮಾಡಬಲ್ಲ ಬುಫಾಡಿಯೆನೊಲೈಡ್‌ಗಳಿವೆ. ಆಸ್ಟ್ರೇಲಿಯದಲ್ಲಿ ಇದನ್ನು ಮೇಯ್ದ ದನಗಳು ಸತ್ತಿವೆ. ಕುಂಡದಲ್ಲಿ ಬೆಳೆಸಿ, ದನಕರುಗಳಿಗೆ ಎಟುಕದಂತಿಡಿ. ಕಲ್ಲಿನ ನೋವಿದ್ದರೆ ವೈದ್ಯರನ್ನು ಕಾಣಿ.

ಗುಲಾಬಿಯೇ ಬೇಕೆಂದರೆ ಪೆನ್ಸಿಲ್ ದಪ್ಪದ, 3–4 ಕಣ್ಣುಗಳಿರುವ ಗೇಣುದ್ದದ ಕಡ್ಡಿ ತನ್ನಿ. ಎರಡು ಕಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಿ. ಆಲೂಗಡ್ಡೆ ಪಲ್ಯಕ್ಕಿರಲಿ.