ನಂದಿಯ ಕಲ್ಲು ಬಂದದ್ದು ಎಲ್ಲಿಂದ?

ದಬ್ಬೇಘಟ್ಟ ಹೋಬಳಿಯ ನಮಗೆ ತಾಲ್ಲೂಕು ಕೇಂದ್ರ ತುರುವೇಕೆರೆಯ ಗುರುತೆಂದರೆ ಗಂಗಾಧರೇಶ್ವರ ಗುಡಿಯ ಕರಿಕಲ್ಲಿನ ನಂದಿ. ಕಚೇರಿ ಕೆಲಸಕ್ಕೋ ಕೊಬ್ಬರಿ ವ್ಯವಹಾರಕ್ಕೋ ಹೋದವರು ಒಮ್ಮೆ ಅದಕ್ಕೆ ಕೈಮುಗಿದು ಬರುತ್ತಾರೆ. ಅದರ ಮೈ ಇಂದಿಗೂ ಎಣ್ಣೆ ಸವರಿದ ಹಾಗೆ ಮಿರುಗುತ್ತದೆ. ಈ ಹೊಳಪಿನ ಮೂಲ ಹುಡುಕಲು ನಾನು ದಾಖಲೆಗಳಿಗೆ ಕೈಹಾಕಿದೆ.

ಮೊದಲು ತೆರೆದದ್ದು 1904ರಲ್ಲಿ ಪ್ರಕಟವಾದ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟ, ತುಮಕೂರು ಜಿಲ್ಲೆಯ ಶಾಸನಗಳದು. ಆಗ ತುರುವೇಕೆರೆ ತಿಪಟೂರು ತಾಲ್ಲೂಕಿಗೆ ಸೇರಿದ್ದರಿಂದ ಇಲ್ಲಿನ ಶಾಸನಗಳನ್ನು ತಿಪಟೂರಿನ ಕೆಳಗೇ ಹುಡುಕಬೇಕು. ಊರಿನ ಚೆನ್ನಕೇಶವ ಗುಡಿ 1263ರ ಸುಮಾರಿನದು. ಕಟ್ಟಿಸಿದವನು ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮಣ್ಣ. ಆ ಗುಡಿಯ ಕಾಲ ತಿಳಿಯಿತು, ನಂದಿಯ ಕಲ್ಲಿನ ಪ್ರಶ್ನೆ ಹಾಗೆಯೇ ಉಳಿಯಿತು. ಹೊಯ್ಸಳ ಶಿಲ್ಪಿಗಳ ಮೆಚ್ಚಿನ ಬಳಪದ ಕಲ್ಲು ಉಳಿಗೆ ಮೆದು, ಸೂಕ್ಷ್ಮ ಕೆತ್ತನೆಗೆ ಹೇಳಿಮಾಡಿಸಿದ್ದು. ಕನ್ನಡಿಯಂಥ ಈ ಹೊಳಪು ಮಾತ್ರ ಗಟ್ಟಿಯಾದ ಕರಿಕಲ್ಲಿನದು. ಅದನ್ನು ಕೆತ್ತುವುದೂ ಕಷ್ಟ, ಉಜ್ಜಿ ನಯಮಾಡುವುದು ಇನ್ನೂ ಕಷ್ಟ.

ಉತ್ತರದ ಜಾಡು ಸಿಕ್ಕಿದ್ದು ರೈಸ್ ಅವರದೇ 1897ರ ಮೈಸೂರು ಗೆಜೆಟಿಯರ್‌ನಲ್ಲಿ. ತುರುವೇಕೆರೆ ಬಳಿಯ ಕರೇಕಲ್ ಗುಡ್ಡದಲ್ಲಿ ಒಳ್ಳೆಯ ಕರಿಕಲ್ಲು ದೊರೆಯುತ್ತದೆ. ಶ್ರೀರಂಗಪಟ್ಟಣದ ಗುಂಬಜ್‌ನ ಕಂಬಗಳ ಕಲ್ಲೂ ಇಲ್ಲಿಯದೇ ಎನ್ನುತ್ತದೆ ಗೆಜೆಟಿಯರ್ ಪರಂಪರೆ. 1782ರಲ್ಲಿ ತೀರಿಕೊಂಡ ಹೈದರಾಲಿಗಾಗಿ ಟಿಪ್ಪು ಕಟ್ಟಿಸಿದ ಆ ಗೋರಿಯ ಸುತ್ತ ನಿಂತ ಕಪ್ಪು ಕಂಬಗಳನ್ನು ನೋಡಿದವರಿಗೆ ನಮ್ಮ ನಂದಿಯ ಮೈಬಣ್ಣ ನೆನಪಾಗದೆ ಇರದು. ಶಿವನ ಗುಡಿಗೂ ಸುಲ್ತಾನನ ಗೋರಿಗೂ ನಮ್ಮ ನೆಲದ ಕಲ್ಲು ಒದಗಿದೆ ಎಂಬುದು ಈ ಸೀಮೆ ಹೆಮ್ಮೆಪಡಬೇಕಾದ ಮಾತು.

ಗುಡಿಗೆ ರಕ್ಷಣೆ ಕೊಟ್ಟರೆ ಸಾಲದು, ಕಲ್ಲು ಕೊಟ್ಟ ಗುಡ್ಡವೂ ಪರಂಪರೆಯ ಭಾಗವೇ. ಅಲ್ಲಿನ ಹಳೆಯ ಉಳಿಗುರುತುಗಳನ್ನು ದಾಖಲಿಸಿ ಕಾಪಾಡಬೇಕು. ನಿಮ್ಮ ಮನೆಯ ಅಟ್ಟದಲ್ಲಿ ಇನಾಮು, ಜೋಡಿ, ಕಲ್ಲುಕೆಲಸಕ್ಕೆ ಸಂಬಂಧಿಸಿದ ಹಳೆಯ ಕಾಗದಗಳಿದ್ದರೆ ಗೆದ್ದಲಿಗೆ ಬಿಡಬೇಡಿ; ಒಮ್ಮೆ ಬಿಚ್ಚಿ ಓದಿ, ಓದಬಲ್ಲವರಿಗೆ ತೋರಿಸಿ.